ಮುಚ್ಚಳ ಮರೆತ ಕರ್ಪೂರದ ಡಬ್ಬಿ

ರೊಟ್ಟಿಗೆಂದು ಒರಳಲ್ಲಿ ಶೇಂಗಾ ಹಿಂಡಿ ಕುಟ್ಟುತ್ತಿದ್ದಾಗ ಫೋನ್ ಬಂತು. ಮಗಳು ತುಕ್ಕಾನಟ್ಟಿಯ ನಮ್ಮ ಮನೆಯಿಂದ ಬೆಳಿಗ್ಗೆಯೇ ಮೂಡಲಗಿಯ ಶಾಲೆಗೆ ಫಲಿತಾಂಶ ನೋಡಲು ಹೋಗಿದ್ದಳು. ಹತ್ತನೇ ತರಗತಿಯಲ್ಲಿ ವಿಜ್ಞಾನವೊಂದರಲ್ಲೇ ಫೇಲಾಗಿ ಎರಡನೇ ಸಲ ಬರೆದಿದ್ದಳು. ಈ ಸಲವೂ ಹೋದರೆ ಗೋಕಾಕದ ಕಾಲೇಜು ಈ ವರ್ಷ ಇಲ್ಲ. ಖಾರದ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಎದ್ದೆ.

ಪರೀಕ್ಷೆಗೆ ಮೊದಲು ಅವಳು ಘನವಸ್ತುವಿನ ಕಣ, ಅನಿಲದ ಕಣ ಎಂದು ಬಾಯಿಪಾಠ ಮಾಡುತ್ತಿದ್ದಳು, ತಲೆಗೆ ಹತ್ತುತ್ತಿರಲಿಲ್ಲ. ನಾನು ಶೇಂಗಾ ಉಂಡಿ ತೋರಿಸಿ, "ಇದು ಘನ. ಕಾಳು ಒಂದನ್ನೊಂದು ಹಿಡಕೊಂಡಾವು" ಅಂದೆ. ಚುರುಮುರಿ ತಟ್ಟೆಗೆ ಸುರಿದು, "ಇದು ಗಾಳಿ" ಅಂದೆ.

"ಯವ್ವಾ, ಚುರುಮುರಿ ಕೆಳಗ ಕುಂದರತಾವು. ಗಾಳಿ ಕುಂದರತೈತೇನ?" ಎಂದು ನಕ್ಕಳು.

ಮರುದಿನ ಸೋಮವಾರ. ಲಿಂಗಪೂಜೆಗೆ ಕುಳಿತ ಅತ್ತೆ ಕೂಗಿದರು: "ಕರ್ಪೂರ ಯಾರ ತಿಂದ್ರ?"

ಹದಿನೈದು ದಿನದ ಹಿಂದೆ ತವರುಮನೆ ಘೋಡಗೇರಿಗೆ ಹೋಗುವ ಅವಸರದಲ್ಲಿ ಹೊಸ ಡಬ್ಬಿಯ ಮುಚ್ಚಳ ಹಾಕಲು ನಾನೇ ಮರೆತಿದ್ದೆ. ಬಿಲ್ಲೆಗಳು ಕಡಲೆಬೇಳೆಯಷ್ಟಾಗಿದ್ದವು.

"ಮೆಣಸಿನಕಾಳ ಹಾಕಿಡು ಅಂತ ಎಷ್ಟ ಸಲ ಹೇಳೇನಿ ನಿನಗ?"

ಮಗಳು ಓಡಿಬಂದಳು. "ಯಾರೂ ತಿಂದಿಲ್ಲ ಆಯಿ! ಗಟ್ಟಿ ಇದ್ದಾಗ ಕಣ ಒತ್ತೊತ್ತಿ ಕುಂತಿದ್ದುವು. ಮ್ಯಾಲಿನವು ಕೈ ಬಿಟ್ಟು ಮನಿತುಂಬ ಅಡ್ಡಾಡಾಕತ್ತಾವು. ಅದಕ್ಕ ಬಾಗಲತನಕ ವಾಸನಿ!"

"ಕಾಳ ಹಾಕಿದ್ರ ಹೋಗತಿದ್ದಿಲ್ಲ. ನನ್ನ ಡಬ್ಬಿ ನೋಡ ಬಾ."

"ಅದು ಕಾಳಲ್ಲ, ಮುಚ್ಚಳ! ನಿನ್ನ ಡಬ್ಬಿ ತೆಗಿಯಾಕ ಪೈಲವಾನನ್ನ ಕರೀಬೇಕು."

ಅತ್ತೆ ನಗುತ್ತಲೇ ವಿಭೂತಿಯ ಕೈಯಿಂದ ಅವಳ ಬೆನ್ನಿಗೊಂದು ಗುದ್ದಿದರು. ಆ ಸಂಜೆ ಮಗಳು ಪುಸ್ತಕ ಮುಚ್ಚಿಟ್ಟು ತನ್ನದೇ ಮಾತಲ್ಲಿ ಹೇಳಿದಳು: ಗಾಳಿಯ ಕಣಗಳ ನಡುವೆ ಜಾಗ ಬೇಕಾದಷ್ಟು, ಅದಕ್ಕೇ ಸೈಕಲ್ ಗಾಲಿಯೊಳಗೆ ಒತ್ತಿ ತುಂಬಬಹುದು, ಕಲ್ಲಿನಲ್ಲಿ ಆ ಜಾಗವಿಲ್ಲ, ಎಷ್ಟು ಒತ್ತಿದರೂ ಕಲ್ಲೇ.

ಬಡಿದುಕೊಳ್ಳುತ್ತಲೇ ಇದ್ದ ಫೋನ್ ಎತ್ತಿದೆ.

"ಯವ್ವಾ, ಪಾಸಾದೆ! ಕರ್ಪೂರದ ಮಾತ ಬರದಿದ್ನಿ!"

ಅತ್ತೆ ಹಿಂದಿನಿಂದ, "ಮೆಣಸಿನಕಾಳೂ ಬರದಾಳೇನ ಕೇಳು" ಅಂದರು.

ನನ್ನ ಮರೆವನ್ನೂ ಶಿವ ವ್ಯರ್ಥ ಮಾಡಲಿಲ್ಲ. ಕೈ ತೊಳೆದು ಒಂದು ಬಿಲ್ಲೆ ಹಚ್ಚಿ ಬೆಳಗಿದೆ. ಡಬ್ಬಿಗೆ ನಾಲ್ಕು ಮೆಣಸಿನಕಾಳು ಹಾಕಿ, ಮುಚ್ಚಳವನ್ನೂ ಬಿಗಿದೆ. ಆಮೇಲೆ ಒರಳ ಮುಂದೆ ಕುಳಿತೆ. ಹಿಂಡಿಗೆ ಇನ್ನೂ ಬೆಳ್ಳುಳ್ಳಿ ಸುಲಿದು ಹಾಕಬೇಕಿತ್ತು.