ಮೊದಲಿನಿಂದ ಹೇಳಿ

ಹನ್ನೆರಡು ವರ್ಷದ ನನ್ನ ತಂಗಿ ತನ್ನ ತಲೆಗೂದಲನ್ನು ತಾನೇ ಕಿತ್ತುಕೊಳ್ಳುತ್ತಿದ್ದಳು. ಬಲಗಿವಿಯ ಮೇಲೆ ಅಂಗೈಯಗಲ ಬೋಳಾಗಿತ್ತು. ಅವ್ವ ಹೆರಳನ್ನು ಓರೆಯಾಗಿ ಹೆಣೆದು ಅದನ್ನು ಮುಚ್ಚುತ್ತಿದ್ದಳು. ಬಬಲೇಶ್ವರದಿಂದ ಬಸ್ಸಿನಲ್ಲಿ ವಿಜಯಪುರದ ಆಸ್ಪತ್ರೆಯೊಂದಕ್ಕೆ ಕರೆದೊಯ್ದೆವು. ಮಕ್ಕಳ ಮನಸ್ಸಿನ ತೊಂದರೆಗಳಿಗೆ ಅಲ್ಲಿ ವಾರಕ್ಕೊಂದೇ ದಿನ, ಒಂದೇ ಕೋಣೆ. ಬಾಗಿಲು ಹಾಕುತ್ತಿರಲಿಲ್ಲ. ಸರದಿ ಒಳಗಿನವರೆಗೂ ಬಂದು ನಿಂತಿರುತ್ತಿತ್ತು.

‘ಮೊದ್ಲಿಂದ ಹೇಳ್ರಿ’ ಎಂದರು ಡಾಕ್ಟರು.

ಹೇಳಿದೆ. ಎಂ.ಎ. ಓದಿದವಳಲ್ಲವೆ? ಯಾವಾಗ ಶುರುವಾಯಿತು, ಕಿತ್ತ ಕೂದಲನ್ನು ಪಾಟಿಚೀಲದಲ್ಲಿ ಹೇಗೆ ಮುಚ್ಚಿಡುತ್ತಾಳೆ, ಎಲ್ಲವನ್ನೂ ಸ್ಪಷ್ಟವಾಗಿ, ಅವಳ ಎದುರಿಗೇ ಹೇಳಿದೆ. ಆ ಸ್ಪಷ್ಟತೆ ನೆನಪಾದರೆ ಇವತ್ತಿಗೂ ಕೆನ್ನೆಗೆ ಹೊಡೆದುಕೊಳ್ಳಬೇಕೆನಿಸುತ್ತದೆ.

ಮುಂದಿನ ತಿಂಗಳು ಬೇರೆ ಡಾಕ್ಟರು. ಹಳೆಯ ಚೀಟಿಯಲ್ಲಿ ಗುಳಿಗೆಯ ಹೆಸರು ಬಿಟ್ಟರೆ ಏನೂ ಇರಲಿಲ್ಲ. ‘ಮೊದ್ಲಿಂದ ಹೇಳ್ರಿ.’ ಮತ್ತೆ ಹೇಳಿದೆ.

ಸರದಿಯಲ್ಲಿ ನಮ್ಮ ಹಿಂದೆ ನಿಂತಿದ್ದ ಕಾಖಂಡಕಿಯ ಹೆಂಗಸು ಮರಳುವ ಬಸ್ಸಿನಲ್ಲಿ ಅವ್ವನ ಕಡೆ ಬಾಗಿದಳು. ‘ಯವ್ವಾ, ಕೂದ್ಲಾ ಕಿತ್ಗೊಳ್ಳೋ ಹುಡುಗಿ ಇಕೀನ ಹೌದಲ್ಲ? ತಲಿ ಬೋಳಿಸಿಬಿಡ್ರಿ. ಕೈಗೆ ಏನೂ ಸಿಗಲಿಲ್ಲಂದ್ರ ಏನ್ ಕೀಳ್ತಾಳ?’

ಸುತ್ತಲಿನವರು ನಕ್ಕರು. ತಂಗಿ ಕಿಟಕಿಯತ್ತ ತಿರುಗಿದಳು. ಮನೆಗೆ ಬಂದ ಮೇಲೆ ಇಷ್ಟೇ ಅಂದಳು: ‘ಯಕ್ಕಾ, ನಾ ಇನ್ನ ಬರೂದಿಲ್ಲ. ನೀ ಎಲ್ಲಾರ ಮುಂದ ಹೇಳ್ತಿ.’

ನಾನು ಎಲ್ಲವನ್ನೂ ಒಂದು ಹಾಳೆಯ ಮೇಲೆ ಬರೆದೆ. ಅಲ್ಲಿ ನಾನು ಬಾಯಿ ಬಿಡುವುದಿಲ್ಲ ಎಂದು ಮಾತು ಕೊಟ್ಟ ಮೇಲೆ ತಂಗಿ ಬಂದಳು.

ಮೂರನೆಯ ಸಲ ಮೂರನೆಯ ಡಾಕ್ಟರು. ಹಾಳೆಯನ್ನು ಮೇಜಿನ ಮೇಲೆಯೇ ನನ್ನತ್ತ ಸರಿಸಿದರು. ‘ಇದನ್ನ ಓದಕೋತ ಕುಂದ್ರಾಕ ಟೈಮ್ ಇಲ್ಲ. ಬಾಯಿಲೆ ಹೇಳ್ರಿ.’

‘ಹೇಳೂದಿಲ್ರಿ. ಓದ್ರಿ.’

ಅವ್ವ ನನ್ನ ದುಪಟ್ಟಾ ಜಗ್ಗಿದಳು. ‘ಸುಮ್ನಿರ ಬೇ, ಡಾಕ್ಟರ ಜೋಡಿ ಹಂಗ ಮಾತಾಡ್ತಾರೇನು?’

ಹಿಂದಿನಿಂದ ಮುದುಕರೊಬ್ಬರು, ‘ಏ ತಂಗಿ, ಲಗೂ ಮುಗಸವ್ವ, ಟಿಕೋಟಾ ಬಸ್ ನಿನ್ನ ಸಲುವಾಗಿ ನಿಲ್ಲೂದಿಲ್ಲ’ ಎಂದರು.

ನಾನು ಏಳಲಿಲ್ಲ. ಡಾಕ್ಟರು ಓದಿದರು. ಗೋಡೆಯ ಗಡಿಯಾರ ನೋಡುತ್ತಲೇ ಇದ್ದೆ; ಎರಡು ನಿಮಿಷವೂ ಆಗಲಿಲ್ಲ. ಆಮೇಲೆ ಅವರೇ ಎದ್ದು ಸರದಿಯವರನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಹಾಕಿದರು.

‘ಕೈ ತಲಿಗೆ ಯಾವಾಗ ಹೋಗತೈತವ್ವ?’

ತಂಗಿ ಮುಚ್ಚಿದ ಬಾಗಿಲನ್ನು ಒಮ್ಮೆ ನೋಡಿದಳು. ‘ಗಣಿತದ ತಾಸಿನ್ಯಾಗರಿ. ಸರ್ ಬೋರ್ಡಿಗೆ ಕರೀತಾರ ಅಂತ ಅನಿಸಿದಾಗ.’

ಅದು ನನ್ನ ಹಾಳೆಯಲ್ಲಿ ಇರಲಿಲ್ಲ. ಅಲ್ಲಿಯವರೆಗೆ ಅವಳನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಆ ಬಾಗಿಲನ್ನು ಹೊಸದಾಗಿ ಮಾಡಿಸಬೇಕಿರಲಿಲ್ಲ. ಮೊದಲ ದಿನವೂ ಅಲ್ಲೇ ಇತ್ತು. ಅದನ್ನು ಹಾಕಲು, ಒಂದು ಪುಟ ಓದಲು, ಒಂದು ಮಗುವನ್ನು ಮೂರು ಸಲ ಸರದಿಯ ಎದುರು ನಿಲ್ಲಿಸಬೇಕಾಯಿತೆ?

ಮುಂದಿನ ತಿಂಗಳು ಅಲ್ಲಿ ಇನ್ಯಾರೋ ಕೂತಿರುತ್ತಾರೆಂದು ಗೊತ್ತಿತ್ತು. ಬಸ್ ನಿಲ್ದಾಣದ ಹತ್ತಿರ ಹಾಳೆಯ ನಾಲ್ಕಾರು ಜೆರಾಕ್ಸ್ ಪ್ರತಿ ಮಾಡಿಸಿದೆ. ಬಸ್ಸಿನಲ್ಲಿ ತಂಗಿ ನನ್ನ ಪೆನ್ನು ಇಸಿದುಕೊಂಡು ಪ್ರತಿಯೊಂದರ ನೆತ್ತಿಯ ಮೇಲೂ ದುಂಡಗೆ ಬರೆದಳು: ‘ಬಾಗಿಲಾ ಹಾಕಿ ಓದ್ರಿ.’