ಕಟ್ ಮಾಡಿದ ಗಟ್ಟಿಮೇಳ

ಬೂಷ್ಟು ಹಿಡಿದ ಮದುವೆ ಕ್ಯಾಸೆಟ್ಟಿಗೆ ಅದರದ್ದೇ ಒಂದು ವಾಸನೆ ಇದೆ. ಒದ್ದೆ ಬಿದಿರು, ಹಳೆಯ ಮಖಮಲ್ಲು, ಒಣಗಿದ ಎಂಜಲು ಇವನ್ನೆಲ್ಲ ಒಂದೇ ಪೆಟ್ಟಿಗೆಯಲ್ಲಿ ಮುಚ್ಚಿಟ್ಟು, ಮಳೆಗಾಲ ಕಳೆದ ಮೇಲೆ ತೆರೆದರೆ ಬರುತ್ತದಲ್ಲ, ಅಂಥದ್ದು. ಪುತ್ತೂರಿನ ಒಂದು ಸ್ಟುಡಿಯೋದಲ್ಲಿ ಹಳೆಯ ಮದುವೆ ಕ್ಯಾಸೆಟ್ಟುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಡುವುದು ನನ್ನ ಕೆಲಸ. ಬಿಡುವಿದ್ದಾಗ ಕ್ಯಾಸೆಟ್ಟನ್ನು ಮೂಗಿಗೆ ಹಿಡಿದು ಕೂರುತ್ತೇನೆ. ನಮ್ಮ ಮಾಲಕರು ಅದನ್ನು ಕಂಡು, ನಿಮ್ಮ ಮಗಳಿಗೆ ಎಂಥದೋ ಚಟ ಅಂಟಿದೆ ಎಂದು ಅಮ್ಮನಿಗೆ ಫೋನು ಮಾಡಿದ್ದರು. ಚಟವಲ್ಲ, ಅದು ಜಾಲ್ಸೂರಿನ ನಮ್ಮ ಮನೆಯ ವಾಸನೆ. ಬಸ್ಸು ನಿಲ್ಲುವ ಜಾಗದ ಹಿಂದೆ, ಕಾಸರಗೋಡಿಗೆ ಹೋಗುವ ಬಸ್ಸಿನ ಹೊಗೆ ನೇರ ಅಡಿಗೆಮನೆಗೆ ನುಗ್ಗುವಂತೆ ಇದ್ದ ಆ ಮನೆಯಲ್ಲಿ ಗೋಡೆಗೆ ಒರಗಿಸಿಟ್ಟ ಎರಡು ಸ್ಯಾಕ್ಸೋಫೋನ್ ಪೆಟ್ಟಿಗೆಗಳಿದ್ದವು. ಒಂದು ಅಪ್ಪನದ್ದು, ಇನ್ನೊಂದು ಚಿಕ್ಕಪ್ಪನದ್ದು. ಮದುವೆಗೆ, ಗೃಹಪ್ರವೇಶಕ್ಕೆ, ದೇವಸ್ಥಾನದ ಉತ್ಸವಕ್ಕೆ ವಾಲಗ ಊದುವ ಮನೆ ನಮ್ಮದು. ಸ್ಯಾಕ್ಸೋಫೋನ್ ಇಲ್ಲದೆ ನಡೆದ ಮದುವೆಯನ್ನು ನಮ್ಮ ಕಡೆ ನೆಂಟರು ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ ಎಂಬುದು ನಿಮಗೂ ಗೊತ್ತಿರಬಹುದು.

ಕಳೆದ ತಿಂಗಳು ಮಂಡೆಕೋಲಿನಿಂದ ಒಬ್ಬರು ಬಂದು ಮೇಜಿನ ಮೇಲೆ ತಮ್ಮ ಮದುವೆಯ ಕ್ಯಾಸೆಟ್ಟು ಇಟ್ಟರು. “ಇದರ ನಡುವೆ ಒಂದು ಹೊಡೆದಾಟ ಉಂಟು. ಅದೊಂದು ಕಟ್ ಮಾಡಿ ಕೊಡಿ ಆಯ್ತಾ. ಮಗಳು ನೋಡ್ಬೇಕು ಅಂತಾಳೆ. ಧಾರೆ ಸೀರೆಗೆ ರಕ್ತ ಹಾರಿದ್ದೆಲ್ಲ ತೋರಿಸ್ಲಿಕ್ಕೆ ಆಗ್ತದಾ?”

“ಯಾರು ಅಕ್ಕಾ ಹೊಡೆದಾಡಿದ್ದು?”

“ವಾಲಗದವರು ಮಾರಾಯ್ತಿ. ಅಣ್ಣ ತಮ್ಮ ಅಂತೆ. ನಮ್ಮವರು ಬಾಸಿಂಗ ಕಟ್ಟಿಕೊಂಡೇ ಓಡಿ ಹೋಗಿ ಊಟದ ಹಾಲ್‌ನಲ್ಲಿ ಅಡಗಿದ್ರು. ಈಗಲೂ ಮನೆಯಲ್ಲಿ ಜಗಳ ಆದ್ರೆ ನಾನು ಅದನ್ನೇ ತೆಗೆಯುದು.”

ನಾನು ರಶೀದಿ ಬರೆದುಕೊಟ್ಟೆ. ಆ ಅಣ್ಣ ನನ್ನ ಅಪ್ಪ, ತಮ್ಮ ನನ್ನ ಚಿಕ್ಕಪ್ಪ, ಇಬ್ಬರ ಕಾಲಬುಡದಲ್ಲಿ ಹಳದಿ ಫ್ರಾಕು ಹಾಕಿ ತಾಳ ಕುಟ್ಟುತ್ತಿದ್ದ ಉಬ್ಬುಹಲ್ಲಿನ ಹುಡುಗಿ ನಾನು ಎಂದು ಹೇಳಲಿಲ್ಲ. ಹೇಳಿದ್ದರೆ ಸೀರೆ ತೊಳೆಸಿದ ಖರ್ಚು ಕೇಳುತ್ತಿದ್ದರೋ ಏನೋ.

ಅಜ್ಜನನ್ನು ನಾನು ನೋಡಿಲ್ಲ, ಆದರೆ ಅವರ ಪೆಟ್ಟುಗಳನ್ನು ನೋಡಿದ್ದೇನೆ. ಮಕ್ಕಳಿಗೆ ವಾದ್ಯ ಕಲಿಸುವಾಗ ಸಾಲಿನ ನಡುವೆ ಉಸಿರು ತುಂಡಾದರೆ ಕೆನ್ನೆಗೆ, ಬೆರಳು ತಪ್ಪಿದರೆ ಬೆರಳಿಗೇ ಬಾರಿಸುತ್ತಿದ್ದರಂತೆ. ಅಪ್ಪನ ಕಿರುಬೆರಳು ಕೊನೆಯವರೆಗೂ ಸೊಟ್ಟಗಿತ್ತು. ಅಜ್ಜ ಹೋದ ಮೇಲೂ ಪೆಟ್ಟು ಮನೆಯಲ್ಲೇ ಉಳಿಯಿತು, ಬಾಡಿಗೆ ಕೊಡದ ನೆಂಟನ ಹಾಗೆ. ಅಜ್ಜಿ ಕೂತಲ್ಲಿಂದಲೇ ತೆಂಗಿನ ಗೆರಟೆ ಎಸೆದು ದನದ ಹಟ್ಟಿಯ ಬಾಗಿಲಲ್ಲಿದ್ದ ನಾಯಿಗೆ ಹೊಡೆಯಬಲ್ಲವಳಾಗಿದ್ದಳು, ನಾಯಿ ತಪ್ಪಿಸಿಕೊಂಡರೆ ನನಗೆ. ಅಮ್ಮನ ಸೌಟಿಗೆ ಹಿಡಿ ಉಳಿಯುತ್ತಿರಲಿಲ್ಲ. ಆ ಮನೆಯಲ್ಲಿ ಪ್ರೀತಿ ಇರಲಿಲ್ಲ ಎಂದಲ್ಲ, ಇತ್ತು. ಆದರೆ ಬರುವಾಗ ಏನನ್ನಾದರೂ ಒಡೆದುಕೊಂಡೇ ಬರುತ್ತಿತ್ತು. ಒಮ್ಮೆ ಅಪ್ಪನನ್ನು ಮೆಚ್ಚಿಸಬೇಕೆಂದು ಅವನ ಸ್ಯಾಕ್ಸೋಫೋನನ್ನು ಕಂಚಿನ ಕೌಳಿಗೆ ಪಾತ್ರೆಯ ಹಾಗೆ ಹುಣಸೆಹುಳಿ, ಬೂದಿ ಹಾಕಿ ತಿಕ್ಕಿ, ಬಾವಿಕಟ್ಟೆಯಲ್ಲಿ ತೊಳೆದು, ಬಿಸಿಲಿಗೆ ಕವುಚಿ ಇಟ್ಟಿದ್ದೆ. ಮರುದಿನದ ಮದುವೆಯಲ್ಲಿ ಅದರಿಂದ ಕರು ಹಾಕುವ ಎಮ್ಮೆಯ ದನಿ ಬಂತು. ಸಂಜೆ ಅಪ್ಪ ದೊಣ್ಣೆ ಹಿಡಿದು ಅಟ್ಟಿಸಿಕೊಂಡು ಬಂದ ರಭಸಕ್ಕೆ ನಾನು ನಿಂತಿದ್ದ ಕಾಸರಗೋಡು ಬಸ್ಸು ಹತ್ತಿಬಿಟ್ಟೆ. ಕಂಡಕ್ಟರು ಮುಂದಿನ ಸ್ಟಾಪಿನಲ್ಲಿ ಇಳಿಸಿ, ಎದುರು ಬಂದ ಬಸ್ಸಿನಲ್ಲಿ ವಾಪಸು ಕಳಿಸಿದ. ಕೇರಳದವರಿಗೂ ನಾನು ಬೇಡವಾಗಿದ್ದೆ.

ಆ ಮನೆಯಲ್ಲಿ ಮುರಿಯಬಾರದ ನಿಯಮ ಎಂದು ಇದ್ದದ್ದು ಒಂದೇ. ಜೋಡಿ ಊದುವಾಗ ಹಿರಿಯ ಮುಂದಿನವ, ಕಿರಿಯ ಹಿಂದಿನವ. ಮುಂದಿನವ ಒಂದು ಸಾಲು ಊದಬೇಕು, ಹಿಂದಿನವ ಅದನ್ನೇ ಹಾಗೆಯೇ ತಿರುಗಿ ಊದಬೇಕು. ಹಿಂದಿನವ ತಾನಾಗಿ ಸಾಲು ಎತ್ತುವಂತಿಲ್ಲ. ಅಪ್ಪನ ದನಿ ದಪ್ಪ, ಮಡಕೆಯೊಳಗೆ ಮುಖವಿಟ್ಟು ಮಾತಾಡಿದ ಹಾಗೆ. ಚಿಕ್ಕಪ್ಪನದ್ದು ಸಪೂರ, ತುದಿಯಲ್ಲಿ ಸಣ್ಣದೊಂದು ನಡುಕ. ಅಪ್ಪ ಹೇಳಿದ್ದನ್ನೇ ಹೇಳಿ ಹೇಳಿ ಚಿಕ್ಕಪ್ಪನ ಕೂದಲು ಹಣ್ಣಾಗತೊಡಗಿತ್ತು.

ಆಗ ಪಕ್ಕದ ಅಂಗಡಿಯ ಹಸನಾಕ ಆ ಕ್ಯಾಸೆಟ್ಟು ತಂದರು. ದುಬೈಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದು ಊರಿಗೆ ಮರಳಿದವರು. ಅಲ್ಲಿ ಉಳಿದುಕೊಂಡಿದ್ದ ವಿದೇಶದ ವಾದ್ಯಗಾರನೊಬ್ಬ ಕೊಟ್ಟದ್ದಂತೆ. “ಇದು ಜಾಸ್ ಅಂತ ಹೇಳುದು, ಬಾಬು. ಇಬ್ಬರು ದೊಡ್ಡ ದೊಡ್ಡ ಜನ, ನಿಮ್ಮದೇ ವಾದ್ಯ. ಒಟ್ಟಿಗೆ ನಿಂತು ಊದಿದ್ದು ಆ ಒಂದು ಸರ್ತಿ ಮಾತ್ರ ಅಂತೆ. ಅಂಗಡಿಯಲ್ಲಿ ಸಿಗುದಿಲ್ಲ, ಯಾರೋ ಜನರ ನಡುವೆ ಕೂತು ರೆಕಾರ್ಡು ಮಾಡಿದ್ದು” ಎಂದು ಚಿಕ್ಕಪ್ಪನ ಕೈಯಲ್ಲಿಟ್ಟರು. ಅದರ ಮೇಲಿನ ಹೆಸರು ಬೆವರಿಗೆ ಅಳಿಸಿ ಹೋಗಿತ್ತು. ಹಾಗಾಗಿ ಅವರಿಬ್ಬರಿಗೆ ನಾವೇ ಹೆಸರಿಟ್ಟೆವು: ದಪ್ಪಣ್ಣ ಮತ್ತು ಸಪೂರಣ್ಣ.

ಮಧ್ಯಾಹ್ನ ಊಟವಾಗಿ ಅಪ್ಪ ಮಲಗಿದ ಮೇಲೆ ನಾನೂ ಚಿಕ್ಕಪ್ಪನೂ ಹಟ್ಟಿಯ ಬೈಹುಲ್ಲಿನ ಮೇಲೆ ಟೇಪ್‌ರೆಕಾರ್ಡರು ಇಟ್ಟುಕೊಂಡು ಕೇಳುತ್ತಿದ್ದೆವು. ಮೊದಲು ಗ್ಲಾಸುಗಳ ಸದ್ದು, ಯಾರೋ ಕೆಮ್ಮಿದ್ದು, ಕುರ್ಚಿ ಎಳೆದದ್ದು. ಹೆಂಗಸೊಬ್ಬಳು ನಗುತ್ತಾಳೆ. ಅಷ್ಟರಲ್ಲಿ ದಪ್ಪಣ್ಣ ಕೆಳಗಿನಿಂದ ಗುಡುಗುತ್ತ ಮೆಟ್ಟಿಲು ಹತ್ತಿದ ಹಾಗೆ ಏಳುತ್ತಾನೆ. ಅವನು ಸಾಲು ಮುಗಿಸುವ ಮೊದಲೇ ಸಪೂರಣ್ಣ ಹೆಂಚಿನ ಮಾಡಿನಿಂದ ಹಾರಿದವನಂತೆ ಅವನ ತಲೆಯ ಮೇಲೆಯೇ ಬೀಳುತ್ತಾನೆ. ಒಬ್ಬ ಹೇಳಿದ್ದನ್ನು ಇನ್ನೊಬ್ಬ ಹೇಳುವುದಿಲ್ಲ. ಅಡ್ಡ ಬರುತ್ತಾನೆ, ಕಿತ್ತುಕೊಳ್ಳುತ್ತಾನೆ, ತಿರುಚಿ ಮುಖಕ್ಕೆ ಎಸೆಯುತ್ತಾನೆ. ಕೇಳುತ್ತಿದ್ದ ಜನ ಕೋಳಿಅಂಕದಲ್ಲಿ ಕೂಗಿದ ಹಾಗೆ ಕೂಗುತ್ತಾರೆ. ನನಗಂತೂ ಅದು ಶುದ್ಧ ಹೊಡೆದಾಟವೇ. ರಕ್ತ ಕಾಣುತ್ತದೋ ಎಂದು ನಾನು ಕ್ಯಾಸೆಟ್ಟಿನ ಕಿಟಕಿಯೊಳಗೆ ಇಣುಕಿದ್ದೇನೆ.

“ಇವರಲ್ಲಿ ಹಿಂದಿನವ ಯಾರು ಚಿಕ್ಕಪ್ಪ?” ಎಂದು ಕೇಳಿದೆ.

ಚಿಕ್ಕಪ್ಪ ಕಚ್ಚುತ್ತಿದ್ದ ಬೈಹುಲ್ಲಿನ ಕಡ್ಡಿಯನ್ನು ಉಗಿದ. “ಹಿಂದಿನವ ಇಲ್ಲ ಮಗಾ. ಇಬ್ರೂ ಮುಂದಿನವರೇ” ಎಂದ. ಅವನ ಕಣ್ಣು ತುಂಬಿತ್ತು. ಬೈಹುಲ್ಲಿನ ಧೂಳಿಗೆ ಎಂದುಕೊಂಡು ನಾನು ಅವನ ಕಣ್ಣಿಗೆ ಜೋರಾಗಿ ಊದಿದೆ. ಕಣ್ಣಿಗೆ ಎಂಜಲು ಹಾರಿ, ಆ ಮಧ್ಯಾಹ್ನದ ನನ್ನ ಪಾಲಿನ ಪೆಟ್ಟು ಅಲ್ಲಿಗೆ ಸಂದಾಯವಾಯಿತು.

ಒಂದು ದಿನ ಅಪ್ಪ ಎಚ್ಚರವಾಗಿ ಹಟ್ಟಿಗೆ ಬಂದ. “ಇದು ಸಂಗೀತವಾ? ಎರಡು ಹೋರಿ ಒಂದೇ ಹಗ್ಗಕ್ಕೆ ಕಟ್ಟಿದ ಹಾಗೆ ಉಂಟು! ತಮ್ಮ ಆದವ ಹೀಗೆ ಊದಿದ್ರೆ ಅಣ್ಣ ಎಂತಕ್ಕೆ, ಬಾಳೆಗೊನೆ ಹೊರ್ಲಿಕ್ಕಾ?” ಎಂದು ಕೂಗಿ ಕ್ಯಾಸೆಟ್ಟು ಕಿತ್ತು, ಅದರ ಹೊಟ್ಟೆಯಿಂದ ಕರುಳು ಎಳೆದ ಹಾಗೆ ಟೇಪು ಎಳೆದು, ಅಲಸಂಡೆ ಸಾಲಿಗೆ ಹಕ್ಕಿ ಬಾರದಂತೆ ಗೂಟದಿಂದ ಗೂಟಕ್ಕೆ ಬಿಗಿದ. ಅಡ್ಡ ಹೋದ ಚಿಕ್ಕಪ್ಪನ ಎದೆಗೆ ಒದೆ ಬಿತ್ತು. ಇಡೀ ಜಾಲ್ಸೂರು ಬೇಲಿಯಾಚೆ ನಿಂತು ನೋಡಿತು. ಗಾಳಿ ಬಂದಾಗ ದಪ್ಪಣ್ಣ ಸಪೂರಣ್ಣ ಇಬ್ಬರೂ ಬಿಸಿಲಲ್ಲಿ ಬರ್‌ರ್ ಎಂದು ಅದುರುತ್ತಿದ್ದರು. ಒಂದು ಹಕ್ಕಿಯೂ ಬರಲಿಲ್ಲ, ಅಷ್ಟು ಮಟ್ಟಿಗೆ ಜಾಸ್ ನಮ್ಮ ಮನೆಗೆ ಉಪಯೋಗವಾಯಿತು.

ಚಿಕ್ಕಪ್ಪ ಎದೆ ಹಿಡಿದುಕೊಂಡೇ ಅದನ್ನು ಬಿಚ್ಚಿ ತಂದ. ಪೆನ್ಸಿಲು ತೂರಿಸಿ ಸುತ್ತಿ, ಹರಿದಲ್ಲಿ ಅಂಟಿಸಿ, ತಿರುಗಿ ಹಾಡುವಂತೆ ಮಾಡಿದ. ಟೇಪ್‌ರೆಕಾರ್ಡರಿನ ವಯರನ್ನು ಅಜ್ಜಿ ಇನ್ಯಾವುದೋ ಜಗಳದಲ್ಲಿ ಕತ್ತಿಯಿಂದ ಕಡಿದಿದ್ದಳು, ಹಾಗಾಗಿ ಅದು ನಡೆಯುವುದು ಬ್ಯಾಟರಿಯಲ್ಲಿ. ಆ ಸಮಯದಿಂದ ಒಂದು ವಿಚಿತ್ರ ಶುರುವಾಯಿತು. ಚಿಕ್ಕಪ್ಪ ಹೊಸ ಬ್ಯಾಟರಿ ಹಾಕಿಟ್ಟರೆ ಎರಡು ದಿನದೊಳಗೆ ಸತ್ತಿರುತ್ತಿದ್ದವು. “ನೀನೇ ಅಲ್ವಾ ಹಾಕಿ ಕೇಳುದು? ಹೇಳು!” ಎಂದು ಚಿಕ್ಕಪ್ಪ ಕಿವಿ ಹಿಂಡಿದ. ಅಲ್ಲ ಎಂದೆ, ಸುಳ್ಳು ಹೇಳಿದ್ದಕ್ಕೆ ಎರಡು ಬಿತ್ತು. ಮುಂದಿನ ಸಲ ಹೌದು ಎಂದೆ, ನಿಜ ಹೇಳಿದ್ದಕ್ಕೆ ನಾಲ್ಕು ಬಿತ್ತು. ಕೊನೆಗೆ ಬ್ಯಾಟರಿ ನೆಕ್ಕುತ್ತೇನೆ, ಅದಕ್ಕೇ ಮುಗಿಯುವುದು ಎಂದೆ. ಅಮ್ಮ ನನ್ನನ್ನು ಹಿಡಿದು ಬಾಯಿಗೆ ಬೇವಿನ ಕಷಾಯ ಹೊಯ್ದಳು.

ಆಮೇಲೆ ಸುಳ್ಯದ ಹಾಲ್‌ನಲ್ಲಿ ಆ ಮದುವೆ. ಭಟ್ಟರು ಕೈ ಎತ್ತಿ “ಗಟ್ಟಿಮೇಳ! ಗಟ್ಟಿಮೇಳ!” ಎಂದು ಕೂಗಿದರು. ಡೋಲು ಸಿಡಿಯಿತು. ಎದುರು ಸಾಲಿನ ಮಗುವಿನ ಕೈಯಲ್ಲಿದ್ದ ಬೆಲೂನಿನ ಮೇಲೆಯೇ ನನ್ನ ಕಣ್ಣು. ಸ್ಯಾಕ್ಸೋಫೋನಿನಲ್ಲಿ ಏನೋ ಕೇಳಬಾರದ್ದು ಕೇಳಿದ ಹಾಗಾಯಿತು. ತಲೆ ಎತ್ತುವಷ್ಟರಲ್ಲಿ ಚಿಕ್ಕಪ್ಪ ನಗುತ್ತಿದ್ದ. ಅವನ ವಾದ್ಯ ಇನ್ನೂ ತುಟಿಯ ಹತ್ತಿರವೇ ಇತ್ತು. ಅಪ್ಪ ಕೈಯ ಬುಡದಿಂದ ಅದರ ಹೊಟ್ಟೆಗೆ ಕೆಳಗಿನಿಂದ ಮೇಲೆ ಗುದ್ದಿದ. ಊದುವ ತುದಿ ಬಾಯಿಯೊಳಗೆ ಹೊಕ್ಕಿತು. ಒಣ ಕಟ್ಟಿಗೆ ಮುರಿದ ಸದ್ದು ಬಂತು. ಚಿಕ್ಕಪ್ಪನ ಮುಂದಿನ ಹಲ್ಲುಗಳು ಅಕ್ಷತೆಯ ಜತೆ ನೆಲದಲ್ಲಿ ಬಿದ್ದಿದ್ದವು. ಮೇಲಿನ ಹಲ್ಲು ಆನಿಸದೆ ಸ್ಯಾಕ್ಸೋಫೋನು ಊದಲಾಗುವುದಿಲ್ಲ. ಅಪ್ಪ ಮುರಿದದ್ದು ಹಲ್ಲನ್ನಲ್ಲ, ಆ ದನಿಯನ್ನು.

“ನಾನು ನನ್ನ ಸಾಲು ಊದ್ತಾ ಇದ್ದೆ. ಇವನೇ ಆ ಹುಚ್ಚು ಕ್ಯಾಸೆಟ್ಟಿನದ್ದು ನುಗ್ಗಿಸಿದ್ದು. ಮತ್ತೆ ನನ್ನ ಮುಖ ನೋಡಿ ನಗಾಡಿದ” ಎಂದು ಅಪ್ಪ ಊರಿಗೆಲ್ಲ ಹೇಳಿದ. ಬಾಯಿಗೆ ಬಟ್ಟೆ ತುರುಕಿಕೊಂಡ ಚಿಕ್ಕಪ್ಪ, “ಅಣ್ಣನೇ ಮೊದಲು ಊದಿದ್ದು, ನಾನು ಖುಷಿಗೆ ನಗಾಡಿದ್ದು” ಎಂದ. ಯಾರು ನಂಬುತ್ತಾರೆ? ಆ ಟೇಪನ್ನು ಅಲಸಂಡೆಗೆ ಕಟ್ಟಿದವನು ಅದನ್ನೇ ಗಟ್ಟಿಮೇಳದಲ್ಲಿ ಊದುತ್ತಾನೆಯೇ? ಡೋಲಿನವನಿಗೆ ತನ್ನ ಡೋಲಲ್ಲದೆ ಬೇರೇನೂ ಕೇಳಿರಲಿಲ್ಲ. ಅಜ್ಜಿ ನನ್ನನ್ನು ಎಳೆದು ನಿಲ್ಲಿಸಿ ಸಾಕ್ಷಿ ಕೇಳಿದಳು. ಬೆಲೂನು ಕೆಂಪು ಬಣ್ಣದ್ದು ಎಂದು ನಾನು ಖಚಿತವಾಗಿ ಹೇಳಿದೆ. “ಸುಳ್ಳು ಹೇಳುವ ಬಾಯಿ ಈ ಮನೆಯಲ್ಲಿ ಬೇಡ” ಎಂದು ಅಜ್ಜಿ ಚಿಕ್ಕಪ್ಪನ ಬಟ್ಟೆಗಂಟನ್ನು ರಸ್ತೆಗೆ ಎಸೆದಳು. ಆ ದಿನ ಮಾತ್ರ ಅವಳ ಗುರಿ ತಪ್ಪಿ ಗಂಟು ಬಾವಿಗೆ ಬಿತ್ತು. ಚಿಕ್ಕಪ್ಪ ಉಟ್ಟ ಬಟ್ಟೆಯಲ್ಲೇ ಚಿಕ್ಕಮ್ಮನನ್ನು ಕರೆದುಕೊಂಡು ಅವಳ ತವರಾದ ಕಡಬಕ್ಕೆ ಹೋದ. ಅಲ್ಲಿ ಪಂಚರು ಅಂಗಡಿ ಇಟ್ಟ. ಗಾಳಿ ತುಂಬುವ ಕಸುಬು ಬಿಡಲಿಲ್ಲ ನೋಡಿ.

ಅಪ್ಪನಿಗೆ ಹಿಂದಿನವರಾಗಿ ಎಷ್ಟೋ ಜನ ಬಂದರು, ಯಾರೂ ನಿಲ್ಲಲಿಲ್ಲ. ಅವರು ತನ್ನ ಸಾಲನ್ನು ಸರಿಯಾಗಿ ತಿರುಗಿ ಊದಿದಷ್ಟೂ ಅಪ್ಪನಿಗೆ ಸಿಟ್ಟು ಬರುತ್ತಿತ್ತು. ಯಾಕೆಂದು ಯಾರಿಗೂ ತಿಳಿಯಲಿಲ್ಲ. ಅಜ್ಜಿ ಹೋದಳು. ರಸ್ತೆ ಅಗಲ ಮಾಡುವಾಗ ಮನೆ ಹೋಯಿತು. ಸ್ಯಾಕ್ಸೋಫೋನ್ ಪೆಟ್ಟಿಗೆಗಳಿದ್ದ ಜಾಗದ ಮೇಲೆ ಈಗ ಕಾಸರಗೋಡು ಬಸ್ಸು ಬ್ರೇಕು ಹಾಕುತ್ತದೆ. ಕಳೆದ ವರ್ಷ ಅಪ್ಪನೂ ಹೋದ. ಚಿಕ್ಕಪ್ಪ ಬಂದು ರಸ್ತೆಯಾಚೆ ನಿಂತಿದ್ದು, ಚಿತೆಯ ಹೊಗೆ ಎದ್ದ ಮೇಲೆ ಬಸ್ಸು ಹತ್ತಿದ.

ಮಂಡೆಕೋಲಿನವರ ಕ್ಯಾಸೆಟ್ಟನ್ನು ಸ್ಟುಡಿಯೋದಲ್ಲಿ ಹಾಕಿದೆ. ವಿಡಿಯೋದವನು ಎಲ್ಲ ಕಡೆಗೂ ಸಿನಿಮಾ ಹಾಡು ಅಂಟಿಸಿದ್ದ, ಗಟ್ಟಿಮೇಳದ ಹೊತ್ತಿನ ಸದ್ದನ್ನು ಮಾತ್ರ ಇದ್ದ ಹಾಗೇ ಬಿಟ್ಟಿದ್ದ. ಭಟ್ಟರ ಕೈ ಏಳುತ್ತದೆ. ಚಿಕ್ಕಪ್ಪ ಒಂದು ಗಳಿಗೆ ವಾದ್ಯ ಕೆಳಗಿಳಿಸಿ ತುಟಿ ಒರೆಸಿಕೊಳ್ಳುತ್ತಿದ್ದಾನೆ, ಬಾಯಿ ಖಾಲಿ. ಆಗ ಕೆಳಗಿನಿಂದ, ಗುಡುಗುತ್ತ, ಮೆಟ್ಟಿಲು ಹತ್ತಿದ ಹಾಗೆ ದಪ್ಪಣ್ಣನ ಸಾಲು ಏಳುತ್ತದೆ. ಅಪ್ಪನ ಕೆನ್ನೆ ಉಬ್ಬಿದೆ, ಕಣ್ಣು ಮುಚ್ಚಿದೆ, ಸೊಟ್ಟ ಕಿರುಬೆರಳು ಕುಣಿಯುತ್ತಿದೆ. ಚಿಕ್ಕಪ್ಪ ಬೆಚ್ಚಿ ತಿರುಗಿ ನೋಡುತ್ತಾನೆ. ವಾದ್ಯ ಬಾಯಿಗಿಟ್ಟು ಮಾಡಿನಿಂದ ಹಾರುತ್ತಾನೆ. ಕೆಲವೇ ಉಸಿರು, ಇಬ್ಬರೂ ಮುಂದಿನವರು. ಒಬ್ಬರನ್ನೊಬ್ಬರು ಅಟ್ಟುತ್ತ, ಕೆಡವುತ್ತ, ಎಬ್ಬಿಸುತ್ತ ಊದುತ್ತಾರೆ. ಚಿಕ್ಕಪ್ಪನಿಗೆ ತಡೆಯಲಾಗದೆ ನಗು ಬರುತ್ತದೆ. ಅಪ್ಪ ಕಣ್ಣು ಬಿಡುತ್ತಾನೆ. ಆ ಮುಖ ನನಗೆ ಗೊತ್ತು, ಕಳ್ಳತನದಲ್ಲಿ ಬೆಲ್ಲ ತಿನ್ನುವಾಗ ಸಿಕ್ಕಿಬಿದ್ದ ನನ್ನ ಮುಖವೇ ಅದು. ಮತ್ತೆ ಗುದ್ದು.

ಅವರು ಕೇಳಿಕೊಂಡ ಹಾಗೆ ಅಷ್ಟನ್ನು ಕಟ್ ಮಾಡಿದೆ. ಕಟ್ ಮಾಡಿದ ತುಂಡನ್ನು ಮೊಬೈಲಿಗೆ ಹಾಕಿಕೊಂಡು ಕಡಬದ ಬಸ್ಸು ಹತ್ತಿದೆ.

ಚಿಕ್ಕಪ್ಪ ಗಾಳಿಯ ಮೆಷಿನು ಆಫ್ ಮಾಡಿ, ಮೊಬೈಲನ್ನು ಕಿವಿಗೆ ಆನಿಸಿ ಕೇಳಿದ. ನೋಡಲಿಲ್ಲ, ಕೇಳಿದ ಅಷ್ಟೆ. “ಇನ್ನೊಮ್ಮೆ ಹಾಕು” ಎಂದ. ಹಾಕಿದೆ. “ಅಣ್ಣನೇ” ಎಂದ. “ಎಲ್ರೂ ಹೇಳಿ ಹೇಳಿ ನನಗೇ ಡೌಟು ಬಂದಿತ್ತು ಮಾರಾಯ್ತಿ, ನನ್ನ ಕಿವಿಗೇ ಭ್ರಾಂತು ಅಂತ.” ಆಮೇಲೆ ಟಯರೊಂದನ್ನು ಸುಮ್ಮನೆ ಉರುಳಿಸುತ್ತ ಕೂತವನು ತಟ್ಟನೆ ಕೈ ನಿಲ್ಲಿಸಿದ. “ಹಾಗಾದ್ರೆ ಆ ಬ್ಯಾಟ್ರಿ ಮುಗಿಸ್ತಿದ್ದದ್ದು?”

“ಹೌದು, ಅಪ್ಪನೇ.”

“ಛೇ. ನಿನಗೆ ಸುಮ್ಮನೆ ಹೊಡೆದೆ ಅಲ್ವಾ.”

“ವಾಪಸ್ ಕೊಡ್ಲಾ ಈಗ?”

ಚಿಕ್ಕಪ್ಪ ನಕ್ಕ. ಕಟ್ಟಿಸಿದ ಹಲ್ಲು ಜಾರಿತು, ಅಂಗೈಯಿಂದ ಬಾಯಿ ಮುಚ್ಚಿಕೊಂಡ. ಮೂರನೆಯ ಸಲ ಹಾಕಿದಾಗ, ಗುದ್ದು ಬರುವ ಮೊದಲೇ ನಿಲ್ಲಿಸೋಣವೆಂದು ಕೈ ಚಾಚಿದೆ. ನನ್ನ ಕೈ ಹಿಡಿದ. “ಇರ್ಲಿ. ಪೂರ್ತಿ ಕೇಳುವ.” ಮೊಬೈಲಿನಲ್ಲಿ ಆ ಸದ್ದು ಇಷ್ಟೇ ಇಷ್ಟು, ಕಡ್ಡಿ ಮುರಿದ ಹಾಗೆ. ಚೀರಾಟ, ಕುರ್ಚಿಗಳು, ‘ಹಿಡೀರಿ ಹಿಡೀರಿ’. ಅದರಡಿಯಲ್ಲಿ ಟಿಣ್, ಟಿಣ್, ಟಿಣ್.

“ಅದೆಂತ ಸದ್ದು?”

“ನಾನು. ತಾಳ.”

“ನೀನು ಎಂತಕ್ಕೆ ನಿಲ್ಲಿಸ್ಲಿಲ್ಲ?”

“ನಿಲ್ಲಿಸು ಅಂತ ಯಾರೂ ಹೇಳ್ಲಿಲ್ಲ ಚಿಕ್ಕಪ್ಪ.”

ಅವನು ಮೊಬೈಲನ್ನು ಟಯರಿನ ಮೇಲಿಟ್ಟ. ಅವನ ಗ್ರೀಸು ಮೆತ್ತಿದ ಬೆರಳುಗಳು ಮೊಣಕಾಲಿನ ಮೇಲೆ, ನನ್ನ ಆ ದಡ್ಡ ತಾಳಕ್ಕೆ, ಏಳುತ್ತ ಬೀಳುತ್ತ ಇದ್ದವು. ಅದು ಸಪೂರಣ್ಣನ ಸಾಲು. ನಡುನಡುವೆ ಬೆರಳು ತಡೆಯುತ್ತಿತ್ತು, ಇನ್ನೊಬ್ಬನಿಗೆ ಜಾಗ ಬಿಟ್ಟು.