ರಾಣಿ ಆರು ಸಲ ಸತ್ತ ದಿನ

ಮಕ್ಕಳೇ, ಮೊದಲು ಸುದ್ದಿ ಕೇಳಿರಿ, ಉಳಿದದ್ದೆಲ್ಲ ಆಮೇಲೆ! ನಿಮ್ಮಕ್ಕ, ನನ್ನ ಹಿರಿಯ ಮೊಮ್ಮಗಳು, ಬಾಗಲಕೋಟೆಯಲ್ಲಿ ಆಡುವ ದೊಡ್ಡ ನಾಟಕಕ್ಕೆ ಆಯ್ಕೆಯಾಗಿದ್ದಾಳೆ. ಸಣ್ಣ ಪಾತ್ರ ಅಲ್ಲ, ರಾಣಿಯ ಪಾತ್ರ! ಹನ್ನೊಂದು ಹಾಡುಗಳಂತೆ, ಹನ್ನೊಂದನ್ನೂ ಅವಳೇ ಹಾಡಬೇಕಂತೆ. ಮುಂಜಾನೆ ಅಂಚೆಯವನು ಕಾಗದ ಕೊಟ್ಟು ಹೋದಾಗಿನಿಂದ ನನಗೆ ಒಂದು ಕಡೆ ಕುಳಿತುಕೊಳ್ಳಲು ಆಗುತ್ತಿಲ್ಲ. ಮೊಣಕಾಲು ನೋವು ಎಲ್ಲಿಗೆ ಹೋಯಿತೋ ಏನೋ! ಓಣಿಯ ಎಲ್ಲ ಮನೆಗೂ ಸಕ್ಕರೆ ಹಂಚಿ ಬಂದೆ. ಒಂದು ಮನೆಯವರು "ಆಯಿ, ಈಗಷ್ಟ ಕೊಟ್ಟು ಹೋದ್ರಲ್ರಿ" ಎಂದರು. ಕೊಟ್ಟಿದ್ದರೆ ಕೊಟ್ಟೆ, ಅದಕ್ಕೇನೀಗ?

ಆದರೆ ಸಕ್ಕರೆ ಹಂಚುವಾಗಲೇ ನನಗೆ ಸಿಟ್ಟೂ ಬಂತು. ಕೊನೆಯ ಮನೆಯ ಮುದುಕ ಸಕ್ಕರೆ ಬಾಯಿಗೆ ಹಾಕಿಕೊಂಡು, "ನಿಮ್ಮ ಮನಿತನದಾಗ ಬಂದದ್ದ ಐತಿ ಬಿಡ್ರಿ. ನಿಮ್ಮಪ್ಪಗ ಒಂದ ಹಾಡಿಗೆ ಐದು ವನ್ಸ್ ಮೋರ್ ಬಿದ್ದಿದ್ದುವಂತ. ಅಂಥಾ ಮಂದಿ ಈಗ ಎಲ್ಲಿ ಅದಾರ!" ಎಂದ. ಊರಿನವರು ಇಂದಿಗೂ ಇದನ್ನು ಹೆಮ್ಮೆಯಿಂದ ಹೇಳುತ್ತಾರೆ. ಆ ಐದು ವನ್ಸ್ ಮೋರ್ ಏನು ಮಾಡಿದವು ಎಂಬುದನ್ನು ಯಾರೂ ಹೇಳುವುದಿಲ್ಲ. ನಾನು ಹೇಳುತ್ತೇನೆ. ಮೂರನೆಯ ಇಯತ್ತೆಯವರೆಗೆ ಮಾತ್ರ ಶಾಲೆ ಕಲಿತವಳ ಅಕ್ಷರ ಸೊಟ್ಟಗಿದ್ದರೂ ಇರಲಿ.

ನಾನು ಚಿಕ್ಕವಳಿದ್ದಾಗ ನಮ್ಮ ಅಪ್ಪ ರಾಣಿಯಾಗಿದ್ದ. ನಗಬೇಡಿರಿ, ಖರೆ ಹೇಳುತ್ತಿದ್ದೇನೆ. ಆಗಿನ ನಾಟಕ ಕಂಪನಿಗಳಲ್ಲಿ ನಮ್ಮಂಥ ಮನೆಯ ಹೆಣ್ಣುಮಕ್ಕಳು ರಂಗ ಹತ್ತುವ ಮಾತೇ ಇರಲಿಲ್ಲ. ರಾಣಿ, ದಾಸಿ, ಅತ್ತೆ, ಸೊಸೆ ಎಲ್ಲರೂ ಗಂಡಸರೇ. ಅಪ್ಪ ಇಳಕಲ್ಲಿನ ನೇಕಾರರ ಮನೆಯವನು. ಹತ್ತು ವರ್ಷದವನಿದ್ದಾಗ ಮಗ್ಗದ ಹತ್ತಿರ ಕುಳಿತು ಹಾಡುತ್ತಿದ್ದುದನ್ನು ಕಂಪನಿಯ ಮಾಲಕರು ಓಣಿಯಲ್ಲಿ ನಿಂತು ಕೇಳಿದರಂತೆ. ವಾರದೊಳಗೆ ಅವನು ಕಂಪನಿಯ ಬಂಡಿಯಲ್ಲಿದ್ದ. ಅಂದಿನಿಂದ ಇಪ್ಪತ್ತೈದು ವರ್ಷ ಬಾದಾಮಿ, ಬಾಗಲಕೋಟೆ, ಗದಗ, ವಿಜಾಪುರ ಎಂದು ಊರೂರು ತಿರುಗುತ್ತ ಸೀರೆ ಉಟ್ಟು ಹಾಡಿದ.

ದಿನಕ್ಕೆ ಎರಡು ಸಲ ಗಡ್ಡ ಮೀಸೆ ಬೋಳಿಸಿಕೊಳ್ಳುತ್ತಿದ್ದ. ಬಣ್ಣಕ್ಕೆ ಬಳಸುವ ಅರದಾಳದ ಹಳದಿ ಪುಡಿ ಎಷ್ಟು ತೊಳೆದರೂ ಅವನ ಕಿವಿಯ ಹಿಂದೆ ಉಳಿದೇ ಇರುತ್ತಿತ್ತು. ಅವನ ಹೆಗಲಿಗೆ ಮುಖ ಒತ್ತಿದರೆ ಕೊಬ್ಬರಿ ಎಣ್ಣೆ, ಬೆವರು ಮತ್ತು ಆ ಪುಡಿಯ ವಾಸನೆ ಬರುತ್ತಿತ್ತು. ನನಗೆ ಅದೇ ಅಪ್ಪನ ವಾಸನೆ. ಕಂಪನಿ ನಮ್ಮೂರಿಗೆ ಬಂದಾಗ ಓಣಿಯ ಹೆಂಗಸರು ಅವನನ್ನು ನೋಡಿ ನೆರಿಗೆ ಹಿಡಿಯುವುದನ್ನು ಕಲಿಯುತ್ತಿದ್ದರು. "ನಿನ್ನ ಗಂಡ ಸೆರಗು ಹೊತ್ತಂಗ ನಮಗ ಹೊರಾಕ ಬರಂಗಿಲ್ಲ ನೋಡವಾ" ಎಂದು ಅವ್ವನಿಗೆ ಹೇಳುತ್ತಿದ್ದರು. "ನನಗೂ ಅವರ ಕಲಿಸ್ಯಾರವಾ, ನಾ ಏನ್ ಹೇಳ್ಲಿ?" ಎಂದು ಅವ್ವ ನಗುತ್ತಿದ್ದಳು.

ಆ ವರ್ಷ ಕಂಪನಿ ಇಳಕಲ್ಲಿನಲ್ಲಿ ಎರಡು ತಿಂಗಳು ಬೀಡುಬಿಟ್ಟಿತ್ತು. ನನಗೆ ಎಂಟು ವರ್ಷ, ನನ್ನ ಅಕ್ಕನಿಗೆ ಹದಿಮೂರು. ಅಪ್ಪನ ದನಿ ಒಡೆಯತೊಡಗಿದ್ದು ಮೊದಲು ಅಕ್ಕನಿಗೇ ಗೊತ್ತಾಯಿತು. ಮುಂಜಾನೆ ಅವನು ಅಭ್ಯಾಸಕ್ಕೆ ಕುಳಿತಾಗ ಅವಳು ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತ ಕೇಳುತ್ತಿದ್ದಳು. ದನಿ ಮೇಲಕ್ಕೆ ಹೋಗುವಾಗ ಎಲ್ಲಿ ಸಿಕ್ಕುತ್ತದೋ ಅಲ್ಲಿ ಅವಳ ಕೈಯೂ ನಿಲ್ಲುತ್ತಿತ್ತು. ಒಂದು ದಿನ ಅಪ್ಪ ಉಗುಳಿದ ನೀರಿನಲ್ಲಿ ಕೆಂಪು ಕಂಡಳು. ಅಂದೇ ಹಟ ಹಿಡಿದು ಅವನನ್ನು ಹುನಗುಂದದ ವೈದ್ಯರ ಹತ್ತಿರ ಬಂಡಿಯಲ್ಲಿ ಕರೆದುಕೊಂಡು ಹೋದಳು.

ವೈದ್ಯರು ಅಪ್ಪನನ್ನು ಬಿಸಿಲಿಗೆ ಕೂಡಿಸಿ, ಚಮಚದ ಹಿಡಿಕೆಯಿಂದ ನಾಲಿಗೆ ಒತ್ತಿ ನೋಡಿದರಂತೆ. "ಗಂಟಲಾಗ ಗಾಯ ಆಗೈತಿ. ಒಂದು ತಿಂಗಳು ಹಾಡೂ ಇಲ್ಲ, ಮಾತೂ ಇಲ್ಲ. ಕೇಳಲಿಲ್ಲಂದ್ರ ದನಿ ಹೋಗ್ತೈತಿ, ಹೋದದ್ದು ಬರಂಗಿಲ್ಲ" ಎಂದರು.

ಮಾಲಕರು ಕೆಟ್ಟವರೇನಲ್ಲ. ಕೈ ಮುಗಿದು ಕೇಳಿಕೊಂಡರು. "ನಾಳಿನ ಅಮಾಸಿ ಆಟ ಒಂದು ಆಗಲಿ ಮಾರಾಯಾ. ಡಂಗುರ ಸಾರಿಸಿ ಬಿಟ್ಟೀನಿ. ಒಂದೊಂದು ಹಾಡು ಒಂದ ಸಲ. ಮುಗಿಸಿ ತಿಂಗಳುಗಟ್ಟಲೆ ಮಲಕೊ, ಯಾರು ಬ್ಯಾಡಂತಾರ?" ಅಪ್ಪ ಹೂಂ ಎಂದ. ಅಕ್ಕ ಮಾಲಕರ ಎದುರಿಗೇ, "ಒಂದ ಸಲ ಅಂದ್ರ ಒಂದ ಸಲ, ನೆನಪಿಡ್ರಿ" ಎಂದಳು. ಅವ್ವ ಅವಳ ಜಡೆ ಎಳೆದು ಒಳಗೆ ಕರೆದಳು.

ಈಗ ನಿಮಗೆ ಆ ವನ್ಸ್ ಮೋರ್ ವಿಷಯ ಹೇಳಬೇಕು. ಅದು ಇಂಗ್ರೇಜಿ ಮಾತು, ಇನ್ನೊಮ್ಮೆ ಹಾಡು ಎಂದು ಅರ್ಥ. ಇಂಗ್ರೇಜಿಯ ಬೇರೆ ಒಂದಕ್ಷರ ಗೊತ್ತಿಲ್ಲದವರಿಗೂ ಅದು ಗೊತ್ತಿತ್ತು. ಮಂದಿ ಹಾಗೆ ಕೂಗಿದರೆ ನಟ ಹಾಡಲೇಬೇಕು. ಯುದ್ಧದ ನಡುವೆ ಕೂಗಿದರೆ ಖಡ್ಗ ಕೆಳಗಿಟ್ಟು ಹಾಡಬೇಕು. ಸತ್ತ ಮೇಲೆ ಕೂಗಿದರೆ ಎದ್ದು ಕುಳಿತು ಹಾಡಿ ಮತ್ತೆ ಸಾಯಬೇಕು. ಇಲ್ಲ ಎಂದವನಿಗೆ ಸೊಕ್ಕು ಬಂದಿದೆ ಎನ್ನುತ್ತಿದ್ದರು.

ಅಮಾವಾಸ್ಯೆಗೆ ನೇಕಾರರು ಮಗ್ಗ ನಿಲ್ಲಿಸುತ್ತಾರೆ. ಅದಕ್ಕೇ ಅಂದು ಹಗಲಿನಲ್ಲಿ ಆಟ. ನಾಟಕದ ಮಂಟಪದ ತಗಡಿನ ಮಾಡು ಕಾದು ರೊಟ್ಟಿಯ ಹಂಚಿನಂತಾಗಿತ್ತು. ಹೆಂಗಸರಿಗೆ ಒಂದು ಬದಿ, ನಡುವೆ ಬಿದಿರಿನ ತಟ್ಟಿ. ಶೇಂಗಾ ಸಿಪ್ಪೆ, ಬೀಡಿಯ ಹೊಗೆ, ಮುಡಿದ ಹೂವು, ಕೂಸುಗಳ ಉಚ್ಚೆ, ಎಲ್ಲ ವಾಸನೆಯೂ ಒಂದಾಗಿ ತಲೆ ತಿರುಗುತ್ತಿತ್ತು. ಅವ್ವ, ಅಕ್ಕ, ನಾನು ತಟ್ಟಿಯ ಪಕ್ಕದಲ್ಲಿ ಕುಳಿತೆವು. ಅಕ್ಕ ಗಂಟಲಿಗೆ ಹಿತವಾದ ಜ್ಯೇಷ್ಠಮಧುವಿನ ಚೂರನ್ನು ಸೆರಗಿನ ತುದಿಗೆ ಕಟ್ಟಿಕೊಂಡಿದ್ದಳು, ಆಟ ಮುಗಿದ ಕೂಡಲೇ ಅಪ್ಪನಿಗೆ ಕೊಡಲು.

ಅಪ್ಪ ಅಂದು ಚೆನ್ನಾಗಿ ಹಾಡಿದ. ಅದೇ ತಪ್ಪಾಯಿತು. ಮೊದಲಿನ ಹಾಡುಗಳಿಗೆ ಪೇಟಿ ಮಾಸ್ತರರು, ಅಂದರೆ ಹಾರ್ಮೋನಿಯಂ ಬಾರಿಸುವವರು, ಹಾಡು ಮುಗಿದ ಕೂಡಲೇ ಮುಂದಿನ ಪ್ರವೇಶ ಸುರು ಮಾಡಿಸಿ ಮಂದಿಯನ್ನು ಕೂಗಲು ಬಿಡಲಿಲ್ಲ. ಕೊನೆಯಲ್ಲಿ ರಾಣಿ ಕಾಡಿನಲ್ಲಿ ಒಬ್ಬಳೇ ಸಾಯುವ ಹಾಡು. ಅಪ್ಪ ಒಂದು ಕೈ ನೆಲಕ್ಕೂರಿ, ಹಸಿರು ಇಳಕಲ್ ಸೀರೆಯ ಕೆಂಪು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ದೂರದಲ್ಲಿರುವ ಕೂಸನ್ನು ಕರೆಯುವಂತೆ ಹಾಡಿದ. ಅಳುತ್ತಿದ್ದ ಕೂಸುಗಳು ಕೂಡ ಸುಮ್ಮನಾದವು. ಹಾಡು ಮುಗಿದು ರಾಣಿ ಸತ್ತಳು.

ಮುಂದಿನ ಕುರ್ಚಿಯಲ್ಲಿದ್ದ ಸಾಹುಕಾರ ಬೆತ್ತದಿಂದ ನೆಲಕ್ಕೆ ಕುಟ್ಟಿ, "ವನ್ಸ್ ಮೋರ್!" ಎಂದ. ಹಿಂದಿನಿಂದ ನೂರು ಬಾಯಿ ಕೂಗಿದವು. ಅವುಗಳಲ್ಲಿ ನನ್ನದೂ ಒಂದು. ಹೌದು, ಮಕ್ಕಳೇ, ನಾನೂ ಕೂಗಿದೆ. ಅಕ್ಕ ನನ್ನ ತೊಡೆ ಚಿವುಟಿದಳು. ಎಲ್ಲರೂ ನಮ್ಮಪ್ಪನನ್ನೇ ಬೇಡುತ್ತಿದ್ದಾರೆ ಎಂಬ ಖುಷಿಯಲ್ಲಿ ನನಗೆ ಚಿವುಟಿದ್ದೂ ಗೊತ್ತಾಗಲಿಲ್ಲ.

ಅಪ್ಪ ಎದ್ದ, ಹಾಡಿದ, ಸತ್ತ. ಮತ್ತೆ ಬೆತ್ತ ಕುಟ್ಟಿತು. ಮೂರನೆಯ ಸಲ ಸತ್ತಾಗ ಮಾಲಕರು ಮುಂದೆ ಬಂದು, "ರಾಣಿಯವರಿಗೆ ಮೈಯಾಗ ಆರಾಮ ಇಲ್ರಿ, ದೊಡ್ಡ ಮನಸು ಮಾಡ್ರಿ" ಎಂದರು. "ಆರಾಮ ಇಲ್ಲ ಅಂತನ ಸಾಯಾಕತ್ತಾಳಲ್ಲೋ! ಹಾಡಾಕ ಹೇಳ!" ಎಂದು ಯಾರೋ ಕೂಗಿದರು. ತಗಡು ಅದುರುವಂತೆ ನಗೆ ಎದ್ದಿತು. ಮಾಲಕರು ಸಾಹುಕಾರನ ಮುಖ ನೋಡಿ ಹಿಂದೆ ಸರಿದರು. ಅವರ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಪರದೆಯ ಹಗ್ಗ ಅವರ ಕೈಯಲ್ಲೇ ಇತ್ತು.

ನಾಲ್ಕು. ಐದು. ಐದನೆಯ ಸಲ ಅಪ್ಪನ ಕುತ್ತಿಗೆಯ ನರ ಉಬ್ಬಿದ್ದು ನಮಗೆ ಕುಳಿತಲ್ಲಿಂದಲೇ ಕಂಡಿತು. ನಾನು ಕೂಗುವುದನ್ನು ಬಿಟ್ಟಿದ್ದೆ. ಬೆತ್ತ ಮತ್ತೆ ಕುಟ್ಟಿದ್ದೇ ತಡ, ಅಕ್ಕ ಎದ್ದು ನಿಂತಳು. ತಟ್ಟಿಯನ್ನು ಎರಡೂ ಕೈಯಿಂದ ಹಿಡಿದು ಚೀರಿದಳು:

"ಸಾಕು ಮಾಡ್ರಿ! ಗಂಟಲಾಗ ರಕ್ತ ಬರಾಕತ್ತೈತಿ! ಅಪ್ಪಾ, ಏಳಬ್ಯಾಡ! ಅಪ್ಪಾ!"

ಆಮೇಲೆ ಗಂಡಸರ ಕಡೆಯಿಂದ, "ಲೇ, ರಾಣಿ ಅಪ್ಪ ಆದಳಲೇ!" ಎಂದು ಒಬ್ಬ ಕೂಗಿದ. "ಮೀಸಿ ಬಂದಾವೇನು ನೋಡ್ರಿಲೇ!" ಎಂದು ಇನ್ನೊಬ್ಬ. ಅಯ್ಯೋ, ಆ ನಗೆ! ಈಗಲೂ ಕಿವಿಯಲ್ಲಿ ಕುದಿಯುತ್ತದೆ. ಅಳುತ್ತಿದ್ದ ಹೆಂಗಸರೇ ಕಣ್ಣೊರೆಸಿಕೊಳ್ಳುತ್ತ ನಕ್ಕರು. "ಯಾರ ಮಗಳವಾ ಇಕಿ, ಗಂಡಸರ ಮುಂದ ಒದರಾಕತ್ತಾಳ" ಎಂದು ಒಬ್ಬಳು ಅಕ್ಕನ ಸೀರೆ ಹಿಡಿದು ಜಗ್ಗಿದಳು. ಅಕ್ಕ ಕುಳಿತುಕೊಳ್ಳಲಿಲ್ಲ.

ಸತ್ತು ಬಿದ್ದಿದ್ದ ರಾಣಿ ಕಣ್ಣು ತೆರೆದು ನಮ್ಮ ಕಡೆ ನೋಡಿದಳು. ಅಪ್ಪ ನಮ್ಮ ಮೇಲೆ ಯಾವತ್ತೂ ಸಿಟ್ಟು ಮಾಡಿದವನಲ್ಲ. ಅಂದು ಅಕ್ಕನನ್ನು ನೋಡಿದ ನೋಟದಲ್ಲಿ ಬೆಂಕಿ ಇತ್ತು. ಇಪ್ಪತ್ತೈದು ವರ್ಷ ಯಾರೂ ನಗದಂತೆ ಕಾಪಾಡಿಕೊಂಡು ಬಂದ ರಾಣಿಯನ್ನು ಅವನ ಮಗಳೇ ನಗೆಗೀಡು ಮಾಡಿದ್ದಳು. ಅವನು ಸೆರಗು ಸರಿಮಾಡಿಕೊಂಡು ಎದ್ದ. ನಗೆ ನಿಲ್ಲಿಸಲೆಂದೇ ಎಂದಿಗಿಂತ ಮೇಲಿನ ದನಿಯಲ್ಲಿ ಸುರು ಮಾಡಿದ. ನಗೆ ನಿಂತಿತು. ಹಾಡಿನ ಎರಡನೆಯ ಸಾಲಿನಲ್ಲಿ, ಕೂಸಿನ ಹೆಸರು ಬರುವಲ್ಲಿ, ಹೊಸ ಸೀರೆ ಹರಿದಂಥ ಸಪ್ಪಳ ಬಂತು. ಆಮೇಲೆ ಏನೂ ಬರಲಿಲ್ಲ. ಬಾಯಿ ಆಡುತ್ತಿತ್ತು, ಕೈ ಆಡುತ್ತಿತ್ತು, ಪೇಟಿ ಒಂದೇ ಹಾಡುತ್ತಿತ್ತು. ಮಾಸ್ತರರು ಪೇಟಿಯನ್ನೂ ನಿಲ್ಲಿಸಿದರು. ಅಪ್ಪ ಆ ಮೌನದಲ್ಲೇ ಕೊನೆಯ ಸಾಲಿನವರೆಗೆ ಬಾಯಿ ಆಡಿಸಿ ಆರನೆಯ ಸಲ ಸತ್ತ. ಆಗ ಪರದೆ ಬಿತ್ತು.

ಮಂದಿ ಚಪ್ಪಾಳೆ ತಟ್ಟಿ ಎದ್ದು ಮನೆಗೆ ಹೋದರು. ಸಾಹುಕಾರ ಹೋಗುವಾಗ, "ಕಡೀಕ ಸ್ವಲ್ಪ ಕೈ ಕೊಟ್ಟ" ಎಂದನಂತೆ. ಅಷ್ಟೇ!

ಅಪ್ಪನ ದನಿ ಬರಲಿಲ್ಲ. ಮಾಲಕರು ಒಂದು ತಿಂಗಳು ಕಾಯ್ದರು, ಆಮೇಲೆ ಬೇರೆ ಯಾರನ್ನೋ ರಾಣಿ ಮಾಡಿಕೊಂಡು ಬಾದಾಮಿಯ ಕಡೆ ಬಂಡಿ ಹೂಡಿದರು. ಅಪ್ಪ ಹತ್ತು ವರ್ಷದವನಿದ್ದಾಗ ಬಿಟ್ಟುಹೋಗಿದ್ದ ಮಗ್ಗಕ್ಕೇ ಬಂದು ಕುಳಿತ. ಅವನಿಗೆ ನೇಯುವುದು ಸರಿಯಾಗಿ ಬರುತ್ತಿರಲಿಲ್ಲ. ಅಕ್ಕನೇ ಕಲಿಸಿದಳು, ಆದರೆ ಇಬ್ಬರ ನಡುವೆ ಮಾತಿಲ್ಲ. ಎಳೆ ತುಂಡಾದರೆ ಅವನು ಬೆರಳು ತೋರಿಸುತ್ತಿದ್ದ, ಅವಳು ಬಂದು ಗಂಟು ಹಾಕಿ ಹೋಗುತ್ತಿದ್ದಳು. ಅವನಿಗೆ ಅವಳ ಮೇಲೆ ಸಿಟ್ಟು, ಅವಳಿಗೆ ಅವನ ಮೇಲೆ ಸಿಟ್ಟು. ನಡುವೆ ನಾನು, ಕೂಗಿದ ಬಾಯಿಯನ್ನು ಮುಚ್ಚಿಕೊಂಡು.

ಮಳೆಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ ಎಳೆ ತುಂಡಾಯಿತು. ಅಕ್ಕ ಬಗ್ಗಿ ಗಂಟು ಹಾಕುತ್ತಿದ್ದಳು. ಅಪ್ಪ ಬೆರಳು ಸುಮ್ಮನೆ ಇಟ್ಟುಕೊಂಡು, ಒಣ ಎಲೆ ಉಜ್ಜಿದಂಥ ಪಿಸುದನಿಯಲ್ಲಿ ಹೇಳಿದ: "ಅವತ್ತ ನಾ ಸತ್ತಂಗ ಬಿದ್ದಿರಬೇಕಾಗಿತ್ತವಾ."

ಅಕ್ಕ ಗಂಟು ಬಿಗಿ ಮಾಡಿದಳು. "ಹೌದು, ಬಿದ್ದಿರಬೇಕಾಗಿತ್ತು," ಎಂದಳು. "ಐದ ಸಲ ಸತ್ತಿದ್ದಿ. ಸಾಲಲಿಲ್ಲೇನು?" ಸಮಾಧಾನದ ಮಾತೇ ಆಡಲಿಲ್ಲ. ಆದರೆ ಎದ್ದು ಹೋಗದೆ ಅಲ್ಲೇ ಅವನ ಪಕ್ಕದಲ್ಲಿ ಕುಳಿತಳು. ಅಪ್ಪ ಅವಳ ಭುಜಕ್ಕೆ ಹಣೆ ಹಚ್ಚಿದ. ಅವನ ಕಿವಿಯ ಹಿಂದೆ ಹಳದಿ ಇರಲಿಲ್ಲ. ನಾನೂ ಕೂಗಿದ್ದೆ ಎಂದು ಅಂದು ಹೇಳಬೇಕಿತ್ತು. ಹೇಳಲಿಲ್ಲ. ಇಬ್ಬರೂ ಈಗಿಲ್ಲ, ನಿಮಗೆ ಹೇಳುತ್ತಿದ್ದೇನೆ.

ಮಕ್ಕಳೇ, ನಿಮಗೆ ಒಂದು ಹಾಡು ಮತ್ತೆ ಬೇಕಾದರೆ ಟೇಪ್ ರೆಕಾರ್ಡರಿನ ಗುಂಡಿ ಒತ್ತುತ್ತೀರಿ. ಹತ್ತು ಸಲ ಒತ್ತಿದರೂ ಯಾರ ಗಂಟಲೂ ನೋಯುವುದಿಲ್ಲ. ನಿಮ್ಮ ನಾಟಕದಲ್ಲಿ ಮೈಕ್ ಇದೆ, ಪಿಸುಗುಟ್ಟಿದರೂ ಕೊನೆಯ ಸಾಲಿಗೆ ಮುಟ್ಟುತ್ತದೆ. ರಾಣಿ ನಿಜವಾದ ಹುಡುಗಿ, ಅವಳ ಹೆಸರು ಅಚ್ಚಾಗಿ ಗೋಡೆಯ ಮೇಲೆ ಬರುತ್ತದೆ. ನನ್ನ ಅಕ್ಕನ ಹೆಸರು ಆ ಕೂಗಾಟದ ನಂತರ ಊರಲ್ಲಿ ಎರಡು ವರ್ಷ ಹಾಳಾಗಿತ್ತು. ಇದನ್ನು ಕಾಗದ ಹರಿಯುವಂತೆ ಒತ್ತಿ ಬರೆಯುತ್ತಿದ್ದೇನೆ. ಸಂತೋಷಕ್ಕೋ ಸಿಟ್ಟಿಗೋ, ಎರಡಕ್ಕೂ ಇರಬೇಕು.

ಇಷ್ಟು ಬರೆದಿಟ್ಟು ಊಟಕ್ಕೆ ಎದ್ದೆ; ಇವತ್ತು ಸಂಜೆ ಗೋದಿ ಬೆಲ್ಲದ ಸಿಹಿ ಮಾದಲಿ ಮಾಡಿಸಿದ್ದೆ. ಮೇಲೆ ತುಪ್ಪ, ಬಿಸಿ ಹಾಲು. ಮಕ್ಕಳು, ಸೊಸೆಯಂದಿರು, ನೀವೆಲ್ಲ ಪಡಸಾಲೆಯ ತುಂಬ ಸಾಲಾಗಿ ಕುಳಿತಿದ್ದಿರಿ. ಊಟಕ್ಕೆ ಮೊದಲು ನಿಮ್ಮಕ್ಕ ರಾಣಿಯ ಒಂದು ಹಾಡು ಹಾಡಿದಳು. ಎಷ್ಟು ಚಂದ ಹಾಡಿದಳು! ಮುಗಿದ ಕೂಡಲೇ ನಿಮ್ಮ ಕಾಕಾ, ನನ್ನ ಕಿರಿಯ ಮಗ, ತಟ್ಟೆ ಬಾರಿಸಿ, "ವನ್ಸ್ ಮೋರ್!" ಎಂದ. ನೀವೆಲ್ಲ ಕೂಗಿದಿರಿ. ನನ್ನ ಕೈಯಲ್ಲಿದ್ದ ತುಪ್ಪದ ಸೌಟು ಅಲ್ಲೇ ನಿಂತಿತು.

ನಿಮ್ಮಕ್ಕ ಆಗಲೇ ಒಂದು ತುತ್ತು ಬಾಯಿಗೆ ಹಾಕಿಕೊಂಡಿದ್ದಳು. ಅಗಿಯುತ್ತಲೇ, "ಆಗಂಗಿಲ್ಲ ಕಾಕಾ, ನನಗ ಹಸಿವಾಗೈತಿ" ಎಂದಳು.

ನಾನು ಒಬ್ಬೊಬ್ಬರ ಮುಖವನ್ನೂ ನೋಡಿದೆ. ಯಾರಿಗೂ ಸಿಟ್ಟಿರಲಿಲ್ಲ. ಯಾರೂ ಸೊಕ್ಕು ಎನ್ನಲಿಲ್ಲ. "ಹಂಗಾರ ಉಣ್ಣವಾ, ಉಣ್ಣು" ಎಂದ ಕಾಕಾ, ತನ್ನ ತಟ್ಟೆಗೆ ಕೈ ಹಾಕಿದ. ನಾನು ಅವಳ ಮಾದಲಿಯ ಮೇಲೆ ತುಪ್ಪ ಸುರಿದೆ. "ಸಾಕು ಆಯಿ, ಸಾಕು" ಎಂದಳು. ನಾನು ಕೂಡಲೇ ಸೌಟು ಎತ್ತಿದೆ.